ಬಿದರಿಯ ಕಪ್ಪು, ಕೋಶದೊಳಗಿನ ಸಂದೇಶ

ಬಿದರಿ ಹೂಜಿಯ ಮೈಯೆಲ್ಲ ಕಪ್ಪಾದರೂ ಅದರಲ್ಲಿ ಕೂರಿಸಿದ ಬೆಳ್ಳಿ ಯಾಕೆ ಹೊಳೆಯುತ್ತಲೇ ಇರುತ್ತದೆ?
ಬೀದರ ಕೋಟೆಯ ಮಣ್ಣು, ನವಸಾಗರವೆಂಬ ಲವಣ ಬೆರೆಸಿದ ನೀರು.
ಅದು ತಾಗಿದರೆ ಸತು-ತಾಮ್ರದ ಮೈ ಉತ್ಕರ್ಷಣಗೊಂಡು, ಅಂದರೆ ಆಕ್ಸಿಡೈಸ್ ಆಗಿ, ಕಪ್ಪಾಗುತ್ತದೆ.
ಬೆಳ್ಳಿಗೆ ಏನೂ ಆಗದು.
ನಮ್ಮ ಜೀವಕೋಶದಲ್ಲೂ ಹೀಗೇ ನೋಡ್ರಿ. ಉತ್ಕರ್ಷಣ ಸಿಕ್ಕಿದ್ದನ್ನೆಲ್ಲ ಕೆಡಿಸುವುದಿಲ್ಲ, ಆರಿಸಿ ಮುಟ್ಟುತ್ತದೆ.

ಇನ್ಸುಲಿನ್ ಬಂದು ಕೋಶಕ್ಕೆ ಅಂಟಿತು ಅನ್ನಿ.
ಕೋಶ ತಾನೇ ಚೂರು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ. ಹೌದು, ಗಾಯ ತೊಳೆಯುವ ಅದೇ ದ್ರವ!
ಇನ್ಸುಲಿನ್ ಸಂದೇಶವನ್ನು ಅಳಿಸುವ ಕಿಣ್ವವೊಂದಿದೆ.
ಪೆರಾಕ್ಸೈಡ್ ಅದರ ಒಂದು ಗಂಧಕದ ಪರಮಾಣುವನ್ನು ಹಿಡಿಯುತ್ತದೆ.
ಕಿಣ್ವ ಸುಮ್ಮನಾಗುತ್ತದೆ, ಸಂದೇಶ ಮುಂದೆ ಹೋಗುತ್ತದೆ.
ಆಮೇಲೆ ಕೋಶ ಆ ಗಂಧಕವನ್ನು ಮೊದಲಿನಂತೆ ಮಾಡುತ್ತದೆ. ಬಿದರಿಯ ಕಪ್ಪಿಗೆ ಆ ಭಾಗ್ಯವಿಲ್ಲ ಬಿಡಿ.

"ಹಾಗಾದರೆ ಉತ್ಕರ್ಷಣದಿಂದ ರೋಗ ಅನ್ನೋದು ಸುಳ್ಳಾ?"
ಸುಳ್ಳಲ್ಲ. ಮಿತಿ ಮೀರಿದರೆ ಆಯ್ಕೆಯೇ ತಪ್ಪುತ್ತದೆ.
ಡಿಎನ್‌ಎ ಕೆಡುತ್ತದೆ, ಕೋಶದ ಪೊರೆ ಕೆಡುತ್ತದೆ.
ರಕ್ತನಾಳದ ಗೋಡೆಯಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಉತ್ಕರ್ಷಣಗೊಂಡರೆ, ಬಿಳಿ ರಕ್ತಕಣಗಳು ಅದನ್ನು ನುಂಗಿ ಅಲ್ಲೇ ಕೂರುತ್ತವೆ. ನಾಳ ಕಿರಿದಾಗುತ್ತದೆ.

"ಸರಿ, ಉತ್ಕರ್ಷಣ ತಡೆಯುವ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗೋಣ."
ತಡೀರಿ. ಫಿನ್ಲೆಂಡ್‌ನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ಪರೀಕ್ಷೆ ನಡೆಯಿತು.
1994ರ ಫಲಿತಾಂಶ: ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್‌ನ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚು!
ಹಣ್ಣು, ಸೊಪ್ಪು ಬೇರೆ ಮಾತು. ಅವನ್ನು ಧಾರಾಳವಾಗಿ ತಿನ್ನಿ.
ಮಾತ್ರೆ ಕೊಳ್ಳುವ ಮುಂಚೆ ಡಾಕ್ಟರನ್ನು ಕೇಳ್ರಿ. ಬೀಡಿ ಸೇದುವವರಾದರೆ, ಮೊದಲು ಬೀಡಿ ಬಿಡ್ರಿ.