ಜೋಯಿಸ ಕಟ್ಟಿದ ಪಾರಿಜಾತ

ಸಂಜೆ ಕೊಂಡು ತಂದ ಶಂಕರಪುರ ಮಲ್ಲಿಗೆಯ ಚೆಂಡನ್ನು ಬಾಳೆಲೆಯಿಂದ ಬಿಡಿಸಿ ನೋಡಿ. ಬಾಳೆನಾರಿನಲ್ಲಿ ಕಟ್ಟಿದ ಮೊಗ್ಗುಗಳಿನ್ನೂ ಬಿಗಿಯಾಗಿಯೇ ಇರುತ್ತವೆ. ಮೂಗಿಗೆ ತಾಗುವುದು ಹಸಿ ಎಲೆ, ನೀರಿನ ತೇವ. ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ದಳ ಬಿಚ್ಚಿಕೊಂಡು ಕೋಣೆಯೆಲ್ಲ ಘಮಘಮ. ಗಿಡದಿಂದ ಕಿತ್ತ ಮೇಲೂ ಮಲ್ಲಿಗೆ ಪರಿಮಳವನ್ನು ಹುಟ್ಟಿಸುತ್ತಲೇ ಇರುತ್ತದೆ. ಆ ಸಿಹಿಯ ಅಡಿಯಲ್ಲಿ ನುಸಿಗುಳಿಗೆಯನ್ನು ನೆನಪಿಸುವ ಸಣ್ಣ ಎಳೆಯೊಂದಿದೆ. ಅದರ ಹೆಸರು ಇಂಡೋಲ್. ಬಿಳಿ ಹೂಗಳ ಅಮಲು ಬರುವುದು ಆ ಎಳೆಯಿಂದಲೇ.

ಬಿಳಿ ಹೂ, ನೀರಿನ ತಂಪು, ರಾಶಿ ನಕ್ಷತ್ರ ಮೂರನ್ನೂ ಒಂದೇ ಬಾಟಲಿಗೆ ತುಂಬುವ ಪರ್ಫ್ಯೂಮ್‌ಗಳು ಈಗ ಮಾರುಕಟ್ಟೆಯಲ್ಲಿವೆ. ಕೇಳಿದಾಗ ಹೊಸದೆನಿಸುತ್ತದೆ. ಆದರೆ ಈ ಮೂರೂ ಒಂದೇ ಪುಸ್ತಕದಲ್ಲಿ ಕೂಡಿದ್ದು ಆರನೇ ಶತಮಾನದಲ್ಲಿ. ಅದು ಜ್ಯೋತಿಷಿ ವರಾಹಮಿಹಿರನ ‘ಬೃಹತ್ಸಂಹಿತೆ’.

ಗ್ರಹಚಾರದಿಂದ ಶುರುವಾಗುವ ಆ ಗ್ರಂಥದಲ್ಲಿ ಅಂತರ್ಜಲ ಹುಡುಕಲೆಂದೇ ‘ದಕಾರ್ಗಲ’ ಎಂಬ ಅಧ್ಯಾಯವಿದೆ. ನೇರಳೆ ಮರದಿಂದ ಬಡಗಣಕ್ಕೆ ಮೂರು ಮೊಳ ಸರಿದು, ಕೈಯೆತ್ತಿ ನಿಂತ ಎರಡಾಳಿನ ಆಳಕ್ಕೆ ಹೋದರೆ ನೀರಿನ ಸೆಲೆ ಎನ್ನುತ್ತಾನೆ. ಬಾವಿ ನೀರು ಕದಡಿದ್ದರೆ, ಕಹಿಯೋ ಉಪ್ಪೋ ಆಗಿದ್ದರೆ ಅದಕ್ಕೂ ಮದ್ದುಂಟು: ಅಂಜನ, ಕೊನ್ನಾರಿಗೆಡ್ಡೆ, ಲಾವಂಚ, ನೆಲ್ಲಿ, ಚಿಲ್ಲದ ಬೀಜ ಮೊದಲಾದವು. ಅವನ್ನು ಹಾಕಿದರೆ ನೀರು ತಿಳಿಯಾಗಿ, ರುಚಿಯಾಗಿ, ಸುಗಂಧವೂ ಆಗುತ್ತದಂತೆ. ಕುಡಿಯುವ ನೀರಿಗೂ ಪರಿಮಳ ಬೇಕೆಂದವನು ಅವನು.

ಮುಂದೆ ‘ಗಂಧಯುಕ್ತಿ’ ಅಧ್ಯಾಯ. ಹದಿನಾರು ಸುಗಂಧ ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಗುಂಪುಗಳಾಗುತ್ತವೆ ಎಂದು ಅಲ್ಲಿ ಲೆಕ್ಕ ಕೊಡುತ್ತಾನೆ. ಒಂದು, ಎರಡು, ಮೂರು, ನಾಲ್ಕು ಪಾಲುಗಳನ್ನು ಅದಲುಬದಲು ಮಾಡಿದರೆ ಪ್ರತಿ ಗುಂಪಿನಿಂದಲೂ ಮತ್ತೆ ಹಲವು ಗಂಧಗಳು. ಆರಿಸಿದ ನಾಲ್ಕಕ್ಕೆ ಜಾಯಿಕಾಯಿ, ಕಸ್ತೂರಿ, ಕರ್ಪೂರದ ವಾಸನೆ ಊಡಿ, ಮಾವಿನ ರಸ ಮತ್ತು ಜೇನಿನಲ್ಲಿ ನೆನೆಸಿದರೆ ಹುಟ್ಟುವ ಗಂಧಕ್ಕೆ ಅವನಿಟ್ಟ ಹೆಸರು ಪಾರಿಜಾತ. ಪುರಾಣಗಳು ದೇವಲೋಕದ್ದೆನ್ನುವ ಆ ಹೂವಿನ ಒಂದು ದಳವೂ ಅದರಲ್ಲಿಲ್ಲ!

ಇಂದಿಗೂ ಪರ್ಫ್ಯೂಮ್ ಕಲೆಯ ಜೀವಾಳ ಇದೇ. ಲಿಲಿ ಆಫ್ ದಿ ವ್ಯಾಲಿ ಎಂಬ ಬಿಳಿ ಗಂಟೆಹೂವಿನಿಂದ ಪರ್ಫ್ಯೂಮಿಗೆ ಒದಗುವ ಎಣ್ಣೆ ಸಿಗುವುದಿಲ್ಲ. ಫ್ರಾನ್ಸಿನ ಪರ್ಫ್ಯೂಮ್ ತಯಾರಕ ಎಡ್ಮಂಡ್ ರೂಡ್ನಿಟ್ಸ್ಕಾ ಅದನ್ನು ತನ್ನ ತೋಟದಲ್ಲಿ ಬೆಳೆಸಿ, ಮೂಸಿ ಮೂಸಿ ಮನನ ಮಾಡಿ, ಬೇರೆ ದ್ರವ್ಯಗಳಿಂದ ಕಟ್ಟಿದ. ಅದೇ 1956ರ ‘ಡಿಯೊರಿಸ್ಸಿಮೊ’. ನೀರಿಗಂತೂ ವಾಸನೆಯೇ ಇಲ್ಲ. 1966ರಲ್ಲಿ ಪ್ರಯೋಗಾಲಯವೊಂದರಲ್ಲಿ ಸಿಕ್ಕ ‘ಕ್ಯಾಲೋನ್’ ಎಂಬ ಅಣು ಕಡಲಗಾಳಿಯನ್ನೂ ಕಲ್ಲಂಗಡಿಯನ್ನೂ ನೆನಪಿಗೆ ತರುತ್ತಿತ್ತು. ನೀರಿನಂತೆ ನಿರ್ಮಲವಾದ ಪರಿಮಳ ಬೇಕೆಂದು ಉಡುಪು ವಿನ್ಯಾಸಕ ಇಸ್ಸೆ ಮಿಯಾಕೆ ಬಯಸಿದಾಗ ಆ ಅಣುವನ್ನೂ ಬಳಸಿ ಪರ್ಫ್ಯೂಮ್ ತಯಾರಕ ಜಾಕ್ ಕವಾಲ್ಯೆ ರೂಪಿಸಿದ್ದು 1992ರ ‘ಲೋ ದಿಸ್ಸೆ’. ಹೂವನ್ನಾಗಲಿ ನೀರನ್ನಾಗಲಿ ಹಿಂಡಿ ತೆಗೆದವರಿಲ್ಲ. ನೆನಪಿನಿಂದ, ಅಳತೆಯಿಂದ ಕಟ್ಟಿದ್ದಾರೆ.

ಈ ವಿದ್ಯೆ ಕನ್ನಡಕ್ಕೆ ಬಂದೂ ಸಾವಿರ ವರ್ಷವಾಗುತ್ತಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ್ಯವಿದೆ, ನೆಲದಡಿಯ ನೀರಿನ ವಿಚಾರವಿದೆ, ಸುಗಂಧ ತಯಾರಿಯೂ ಇದೆ. ಅಡುಗೆ, ವೃಕ್ಷಾಯುರ್ವೇದಗಳ ಜೊತೆಗೇ ಪರಿಮಳವನ್ನೂ ಜನೋಪಯೋಗಿ ವಿದ್ಯೆಯೆಂದು ಎಣಿಸಿದ ಪುಸ್ತಕ ನಮ್ಮ ನುಡಿಯಲ್ಲಿದೆ ಎಂಬುದು ನನಗೆ ದೊಡ್ಡ ಹೆಮ್ಮೆ.

ಬಾಟಲಿಯ ಮೇಲಿನ ರಾಶಿಚಿಹ್ನೆ ನೋಡಿ ಪರ್ಫ್ಯೂಮ್ ಕೊಳ್ಳುವವರು ಒಮ್ಮೆ ಮಡಕೆ ನೀರಿಗೆ ಲಾವಂಚದ ಬೇರು ಹಾಕಿ, ಪಕ್ಕದಲ್ಲಿ ಒಂದು ಮೊಳ ಮಲ್ಲಿಗೆ ಇಟ್ಟು ಮಲಗಿ ನೋಡಲಿ. ಬೆಳಗಾಗುವಷ್ಟರಲ್ಲಿ ಹೂ ಕಂದಿರುತ್ತದೆ. ಕಂದದ ಹೂವಿನ ಆಸೆಯಿಂದಲೇ ನಕ್ಷತ್ರ ಎಣಿಸುವವನೊಬ್ಬ ಕೂತು ಗಂಧಗಳನ್ನೂ ಎಣಿಸಿದ ಎಂದು ಆಗ ನಂಬಿಕೆ ಬರುತ್ತದೆ.