ತಾರೆಯೂ ಅವನ ಸಂಗಡಿಗರೂ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪ್ರೇಮಿಗಳಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆಯೊಂದುಂಟು: ಮಹಾ ಆಟಗಾರನೊಬ್ಬನು ತಂಡವನ್ನು ಸೇರಿದೊಡನೆ, ಸ್ಪರ್ಶಮಣಿ ಸೋಂಕಿದ ಕಬ್ಬಿಣವು ಹೊನ್ನಾಗುವಂತೆ, ಅವನ ಸಂಗಡಿಗರೂ ಹೆಚ್ಚಿನ ಸಾಮರ್ಥ್ಯವನ್ನು ಪಡೆಯುವರೆಂಬುದು. ಇದಕ್ಕೆ ಪ್ರಮಾಣವಾಗಿ ಷಿಕಾಗೊ ಬುಲ್ಸ್ ತಂಡದ ಮೈಕೆಲ್ ಜೋರ್ಡನ್ನನ ಹೆಸರನ್ನು ಮುಂದಿಡುವವರೇ ಬಹಳ. ಈ ನಂಬಿಕೆ ಪೂರ್ತಿಯಾಗಿ ನಿರಾಧಾರವಲ್ಲ. ಆದರೆ ಅದು ಸಂಗಡಿಗರ ಸ್ವಂತ ಸಾಧನೆಯನ್ನು ತಾರೆಯ ಲೆಕ್ಕಕ್ಕೆ ಬರೆದುಬಿಡುತ್ತದೆಯಾದುದರಿಂದ ಅದನ್ನು ಪರಿಶೀಲಿಸುವುದು ನ್ಯಾಯದ ದೃಷ್ಟಿಯಿಂದಲೂ ಅವಶ್ಯಕವಾದುದು.

1997ರ ಜೂನ್ ತಿಂಗಳಲ್ಲಿ ನಡೆದ, ಎನ್‌ಬಿಎ ಎಂಬ ವೃತ್ತಿಪರ ಲೀಗಿನ ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ, ಯೂಟಾ ಜಾಜ್ ತಂಡದೊಡನೆ ಅಂಕಗಳು 86–86 ಎಂದು ಸಮವಾಗಿ ನಿಂತು, ಕೆಲವೇ ಕ್ಷಣಗಳು ಉಳಿದಿದ್ದಾಗ ಚೆಂಡು ಜೋರ್ಡನ್ನನ ಕೈಯಲ್ಲಿತ್ತು. ಎಸೆಯುವವನು ಅವನೇ ಎಂದು ಭಾವಿಸಿದ ಯೂಟಾದ ಜಾನ್ ಸ್ಟಾಕ್ಟನ್, ತಾನು ಕಾಯಬೇಕಾಗಿದ್ದ ಷಿಕಾಗೊದ ಸ್ಟೀವ್ ಕರ್‌ನನ್ನು ಬಿಟ್ಟು ಜೋರ್ಡನ್ನನತ್ತ ಧಾವಿಸಿದನು; ಜೋರ್ಡನ್ ಚೆಂಡನ್ನು ಕರ್‌ನಿಗೆ ದಾಟಿಸಿದನು; ಕರ್ ಎಸೆದ ಚೆಂಡು ಬುಟ್ಟಿಗೆ ಬಿದ್ದು ಪ್ರಶಸ್ತಿ ಷಿಕಾಗೊ ಪಾಲಾಯಿತು. ಕರ್‌ನನ್ನು ಅಂಥ ಗುರಿಕಾರನನ್ನಾಗಿ ಮಾಡಿದವನು ಜೋರ್ಡನ್ನನೇ ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಷಿಕಾಗೊ ಸೇರುವುದಕ್ಕೆ ಬಹು ಮುಂಚೆಯೇ, 1989–90ರ ಋತುವಿನಲ್ಲಿ, ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದ ಕರ್ ತನ್ನ ಮೂರಂಕದ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬುಟ್ಟಿಗೆ ಸೇರಿಸಿ ಎನ್‌ಬಿಎಯಲ್ಲೆಲ್ಲ ಅಗ್ರಗಣ್ಯನಾಗಿದ್ದನು. ಗುರಿ ಅವನದೇ, ಜೋರ್ಡನ್ ಒದಗಿಸಿದುದು ತೆರಪನ್ನು. ಒಬ್ಬನನ್ನು ತಡೆಯಲು ಎದುರಾಳಿಗಳಲ್ಲಿ ಇಬ್ಬರು ಬೇಕಾದಾಗ, ಉಳಿದ ನಾಲ್ವರನ್ನು ಮೂವರೇ ಕಾಯಬೇಕಾಗುತ್ತದೆ; ಆಗ ಕಾವಲಿಲ್ಲದೆ ನಿಂತವನಿಗೆ ಸಿಗುವ ಎಸೆತವು, ಮುಖದ ಮುಂದೆ ಎದುರಾಳಿಯ ಕೈ ಇರುವಾಗಿನ ಎಸೆತಕ್ಕಿಂತ ಎಷ್ಟೋ ಸುಲಭವಾದುದು. ತಾರೆಯ ಉಪಕಾರವೆಂಬುದು ಇದೇ, ಮತ್ತು ಇದು ಅಲ್ಪವಾದುದಲ್ಲ.

ತಾರೆಯ ಸಹವಾಸದಿಂದ ಸಂಗಡಿಗರ ಅಂಕಗಳೂ ಏರುವುವೆಂಬ ಮತ್ತೊಂದು ಭ್ರಮೆ ಮೇಲಿನ ನಂಬಿಕೆಗೆ ಅಂಟಿಕೊಂಡಿದೆ. ಅಂಗಣದಲ್ಲಿರುವ ಚೆಂಡು ಒಂದೇ. ಅದು ತಾರೆಯ ಕೈಯಲ್ಲಿ ಹೆಚ್ಚು ಕಾಲ ಇದ್ದಷ್ಟೂ ಇತರರ ಪಾಲು ಕುಗ್ಗುತ್ತದೆ. ಮಿನೆಸೋಟದಲ್ಲಿ ಪಂದ್ಯಕ್ಕೆ ಸರಾಸರಿ 26.1 ಅಂಕಗಳನ್ನು ಗಳಿಸುತ್ತಿದ್ದ ಕೆವಿನ್ ಲವ್, 2014ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದು ಲೆಬ್ರಾನ್ ಜೇಮ್ಸನ ಜೊತೆಗಾರನಾದ ವರ್ಷವೇ 16.4ಕ್ಕೆ ಇಳಿದನು, ಆದರೂ 2016ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿ ಅವನಿದ್ದನು. ಇದಕ್ಕೆ ಪ್ರತಿಯಾಗಿ, 1993ರ ಅಕ್ಟೋಬರಿನಲ್ಲಿ ಜೋರ್ಡನ್ ಆಟದಿಂದ ನಿವೃತ್ತನಾಗಲು, ಅವನ ಸಂಗಡಿಗ ಸ್ಕಾಟಿ ಪಿಪ್ಪೆನ್ನನ ಸರಾಸರಿ 18.6ರಿಂದ 22ಕ್ಕೆ ಏರಿತು. ಅದೇ ತಂಡದ ಹೊರೇಸ್ ಗ್ರಾಂಟ್ ಮತ್ತು ಬಿ. ಜೆ. ಆರ್ಮ್‌ಸ್ಟ್ರಾಂಗ್ ಇಬ್ಬರೂ ತಮ್ಮ ಆಟದ ಬಾಳಿನಲ್ಲಿ ಆ ಋತುವಿನಲ್ಲೊಂದೇ ಬಾರಿ ಲೀಗಿನ ಶ್ರೇಷ್ಠರ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಆ ಶಕ್ತಿ ಒಂದು ಬೇಸಗೆಯಲ್ಲಿ ಹುಟ್ಟಿದುದಲ್ಲ. ಮೊದಲೇ ಇದ್ದುದು ಪ್ರಕಟವಾಗಲು ಆಗ ಎಡೆ ದೊರೆಯಿತು.

ಆ ಋತುವಿನಲ್ಲಿ ಷಿಕಾಗೊ 55 ಪಂದ್ಯಗಳನ್ನು ಗೆದ್ದಿತು; ಹಿಂದಿನ ವರ್ಷ ಜೋರ್ಡನ್ನನಿದ್ದಾಗ ಗೆದ್ದುದು 57. ಎರಡೇ ಗೆಲುವುಗಳ ವ್ಯತ್ಯಾಸವನ್ನು ಕಂಡು ಅವನು ಅನಾವಶ್ಯಕನೆಂದು ನಿರ್ಧರಿಸಿದವರು ಎದುರು ದಿಕ್ಕಿನಲ್ಲಿ ಅಷ್ಟೇ ದೂರ ತಪ್ಪಿದರು. ಗೆಲುವುಗಳ ಸಂಖ್ಯೆ ಉಳಿದರೂ, ಎದುರಾಳಿಗಳಿಗಿಂತ ತಂಡವು ಪಂದ್ಯಕ್ಕೆ ಸರಾಸರಿ ಗಳಿಸುತ್ತಿದ್ದ ಮುನ್ನಡೆ ಸುಮಾರು 6 ಅಂಕಗಳಿಂದ 3ಕ್ಕೆ ಇಳಿದಿತ್ತು. ಟೋನಿ ಕುಕೋಚ್, ಸ್ಟೀವ್ ಕರ್ ಮೊದಲಾದ ಹೊಸಬರು ಅದೇ ವರ್ಷ ಬಂದು ಸೇರಿದ್ದರೆಂಬುದನ್ನೂ ಗಣಿಸಬೇಕು. ಮರುವರ್ಷ ಗ್ರಾಂಟನೂ ತಂಡವನ್ನು ಬಿಟ್ಟನು. 1995ರ ಮಾರ್ಚಿನಲ್ಲಿ ಜೋರ್ಡನ್ ಮರಳುವ ವೇಳೆಗೆ ತಂಡವು 34 ಪಂದ್ಯಗಳನ್ನು ಗೆದ್ದು 31ರಲ್ಲಿ ಸೋತಿತ್ತು. ಅವನು ಬಂದ ಮೇಲಿನ 17ರಲ್ಲಿ 13ನ್ನು ಗೆದ್ದಿತು.

ತಾರೆಯ ಈ ಪ್ರಭಾವವು ಅವನೊಬ್ಬನ ಗುಣವೆಂದು ತಿಳಿಯುವುದೂ ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. 1986–87ರಲ್ಲಿ ಜೋರ್ಡನ್ ಪಂದ್ಯಕ್ಕೆ ಸರಾಸರಿ 37.1 ಅಂಕಗಳನ್ನು ಗಳಿಸಿದನು. ತಂಡವಾದರೋ 40 ಪಂದ್ಯಗಳನ್ನಷ್ಟೇ ಗೆದ್ದು, ಮೊದಲ ಸುತ್ತಿನಲ್ಲಿಯೇ ಬಾಸ್ಟನ್ನಿಗೆ ಮೂರಕ್ಕೆ ಮೂರನ್ನೂ ಸೋತಿತು. ಜಾನ್ ಪ್ಯಾಕ್ಸನ್ ಎಂಬ ಗುರಿಕಾರನು ಆಗಲೂ ಅದೇ ತಂಡದಲ್ಲಿದ್ದನು. ಆ ಬಳಿಕ ಪಿಪ್ಪೆನ್, ಗ್ರಾಂಟ್ ಬಂದರು. 1989ರಲ್ಲಿ ಫಿಲ್ ಜಾಕ್ಸನ್ ಮುಖ್ಯ ತರಬೇತುದಾರನಾಗಿ, ಹಿರಿಯ ಟೆಕ್ಸ್ ವಿಂಟರನ ತ್ರಿಕೋನ ಪದ್ಧತಿಯನ್ನು ಆಚರಣೆಗೆ ತಂದು, ಚೆಂಡು ಒಬ್ಬನಲ್ಲಿಯೇ ನಿಲ್ಲದೆ ಐವರಲ್ಲಿಯೂ ಸಂಚರಿಸುವಂತೆ ಮಾಡಿದನು. 1991ರ ಅಂತಿಮ ಸರಣಿಯ ಐದನೆಯ ಪಂದ್ಯದಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಆಟಗಾರರು ಜೋರ್ಡನ್ನನ ಸುತ್ತ ಕವಿಯತೊಡಗಿದಾಗ, ಪ್ಯಾಕ್ಸನ್ ಕಾವಲಿಲ್ಲದೆ ನಿಂತಿರುವನೆಂಬುದನ್ನು ಜಾಕ್ಸನ್ ಜೋರ್ಡನ್ನನಿಗೆ ನೆನಪಿಸಬೇಕಾಯಿತು. ಆ ಮೇಲೆ ಜೋರ್ಡನ್ ಮತ್ತೆ ಮತ್ತೆ ಚೆಂಡನ್ನು ಪ್ಯಾಕ್ಸನ್ನನಿಗೇ ಕಳುಹಿಸಿದನು. ಪ್ಯಾಕ್ಸನ್ ಆ ರಾತ್ರಿ 20 ಅಂಕಗಳನ್ನು ಗಳಿಸಿದನು, ಷಿಕಾಗೊ ತನ್ನ ಪ್ರಥಮ ಪ್ರಶಸ್ತಿಯನ್ನು ಪಡೆಯಿತು.