ಗಡಿ ದಾಟಿದ ಮಗುವಿಗೆ ಯಾವ ಕೋರ್ಟು?

ಜಾಂಬೋಟಿಯಿಂದ ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ನಮ್ಮೂರಿನವರಿಗೆ ಅದು ಬೇರೆ ರಾಜ್ಯ ಅಂತ ಅನಿಸುವುದೇ ಕಡಿಮೆ. ತರಕಾರಿ ಗಾಡಿಗಳು, ಕೆಲಸಕ್ಕೆ ಹೋಗುವವರು, ಮದುವೆ ಮಾಡಿಕೊಂಡು ಬಂದವರು ಎಲ್ಲರೂ ಅದೇ ರಸ್ತೆಯಲ್ಲಿ ಓಡಾಡುತ್ತಾರೆ. ಗಂಡ ಹೆಂಡತಿ ಜಗಳವಾಡಿ ಒಬ್ಬರು ಮಗುವನ್ನು ಎತ್ತಿಕೊಂಡು ಖಾನಾಪುರದಿಂದ ಪಣಜಿಗೆ ಹೋದರು ಅಂತಿಟ್ಟುಕೊಳ್ಳಿ. ಉಳಿದವರಿಗೆ ದಾರಿ ಇದೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಇನ್ನೂ ಇದೆ ನಿಜ, ಆದರೆ ಎರಡೂ ರಾಜ್ಯಗಳ ಮೇಲೆ ಕೂತಿರುವ ಸುಪ್ರೀಂ ಕೋರ್ಟ್ ಒಂದೇ. ಅದರ ಮಾತನ್ನು ಇಬ್ಬರೂ ಕೇಳಲೇಬೇಕು.

ಅದೇ ಮಗು ಅಮೆರಿಕದಿಂದ ಬಂದು ಬೆಂಗಳೂರಿನಲ್ಲಿ ಇಳಿದರೆ? ಆಗ ಎರಡು ದೇಶಗಳ ಎರಡು ಕೋರ್ಟುಗಳು ಒಂದೇ ಮಗುವಿನ ಬಗ್ಗೆ ಎರಡು ಆದೇಶ ಕೊಡಬಹುದು. ಎರಡೂ ತಮ್ಮ ತಮ್ಮ ನೆಲದಲ್ಲಿ ಸರಿಯೇ. ಇಬ್ಬರ ಮೇಲೆ ಕೂತು ತೀರ್ಪು ಹೇಳುವ ಮೂರನೇ ಕೋರ್ಟು ಇಲ್ಲ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನೋಡಿ. ಹುಡುಗ ಹುಟ್ಟಿದ್ದು 2011ರಲ್ಲಿ, ಅಮೆರಿಕದಲ್ಲಿ. ಅವನ ಪೌರತ್ವವೂ ಅಲ್ಲಿಯದೇ. 2020ರ ಮಾರ್ಚ್‌ನಲ್ಲಿ ತಾಯಿ ಅವನನ್ನು ಬೆಂಗಳೂರಿಗೆ ಕರೆತಂದರು. ತಂದೆ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ಕೋರ್ಟಿಗೆ ಹೋದರು. ಮಗುವನ್ನು ವಾಪಸು ಕಳಿಸಬೇಕೆಂದು ಆ ಕೋರ್ಟು ಹೇಳಿತು. ತಂದೆ ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹುಡುಗನನ್ನು ಮಾತಾಡಿಸಿದ ಹೈಕೋರ್ಟ್, ಅವನು ಇಲ್ಲಿ ಚೆನ್ನಾಗಿಯೇ ಇದ್ದಾನೆ ಎಂದುಕೊಂಡು ಅರ್ಜಿ ವಜಾ ಮಾಡಿತು. 2022ರ ಜುಲೈ 29ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ ಹುಡುಗನನ್ನು ಅಮೆರಿಕಕ್ಕೆ ಕಳಿಸಲು ಹೇಳಿತು. ಮಗು ಏನು ಬಯಸುತ್ತದೆ ಎಂಬ ಪ್ರಶ್ನೆ ಬೇರೆ, ಮಗುವಿಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಬೇರೆ ಎಂಬುದು ಆ ತೀರ್ಪಿನ ಮುಖ್ಯ ಮಾತು.

ತೀರ್ಪು ಸರಿಯೋ ತಪ್ಪೋ ಹೇಳುವಷ್ಟು ಕಾನೂನು ನನಗೆ ಗೊತ್ತಿಲ್ಲ. ಆದರೆ ಲೆಕ್ಕ ಗೊತ್ತು. ಬಂದಾಗ ಅವನಿಗೆ ಒಂಬತ್ತು, ಕೊನೆಯ ತೀರ್ಪು ಬಂದಾಗ ಹನ್ನೊಂದೂವರೆ. ನಾಲ್ಕನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗಿನ ಗೆಳೆಯರನ್ನು ಇಲ್ಲಿ ಮಾಡಿಕೊಂಡ ಮೇಲೆ, ನಿನ್ನ ಊರು ಇದಲ್ಲ ಅಂತ ಅವನಿಗೆ ತಿಳಿಯಿತು.

ಬೆಂಗಳೂರಿನ ಇನ್ನೊಂದು ಪ್ರಕರಣದಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಪುಟ್ಟ ಮಗು. ತಾಯಿ 2019ರಲ್ಲಿ ಕರೆತಂದಿದ್ದರು. ವಾಪಸು ಕಳಿಸಲು ಹೈಕೋರ್ಟ್ ಒಪ್ಪಿತು, ಆದರೆ ಅದು ಕೊರೊನಾ ಕಾಲ. ಅಮೆರಿಕದ ಪರಿಸ್ಥಿತಿ ಮಗುವಿಗೆ ಸುರಕ್ಷಿತ ಅಂತ ಇಲ್ಲಿಯ ಆರೋಗ್ಯಾಧಿಕಾರಿ ಪ್ರಮಾಣಪತ್ರ ಕೊಡಬೇಕು ಎಂಬ ಷರತ್ತು ಹಾಕಿತು. ಬೆಂಗಳೂರಿನಲ್ಲಿ ಕೂತ ಅಧಿಕಾರಿ ನ್ಯೂಜೆರ್ಸಿಯ ಬಗ್ಗೆ ಏನಂತ ಬರೆದುಕೊಡಬೇಕಿತ್ತೋ! 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು.

ಇಂಥ ಜಗಳಗಳಿಗೆಂದೇ 1980ರ ಅಕ್ಟೋಬರ್ 25ರಂದು ಹೇಗ್ ನಗರದಲ್ಲಿ ಒಂದು ಒಪ್ಪಂದವಾಗಿದೆ. ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಶ್ರೀಲಂಕಾ ಇದೆ, ಜಪಾನ್ ಇದೆ, ಪಾಕಿಸ್ತಾನವೂ ಸೇರಿದೆ. ಭಾರತ ಸೇರಿಲ್ಲ. ಮಗು ಯಾರ ಬಳಿ ಇರಬೇಕು ಎಂದು ಈ ಒಪ್ಪಂದ ಹೇಳುವುದಿಲ್ಲ. ಅದನ್ನು ಯಾವ ದೇಶದ ಕೋರ್ಟು ತೀರ್ಮಾನಿಸಬೇಕು ಎಂದಷ್ಟೇ ಹೇಳುತ್ತದೆ. ಮಗು ರೂಢಿಯಾಗಿ ಎಲ್ಲಿ ವಾಸವಾಗಿತ್ತೋ ಅಲ್ಲಿಯ ಕೋರ್ಟು. ಒಂದು ವರ್ಷದೊಳಗೆ ಅರ್ಜಿ ಬಂದರೆ ಮಗುವನ್ನು ಮೊದಲು ಅಲ್ಲಿಗೆ ಮರಳಿಸಬೇಕು, ವಾದವೆಲ್ಲ ಆಮೇಲೆ. ಆರು ವಾರದಲ್ಲಿ ನಿರ್ಧಾರವಾಗದಿದ್ದರೆ ತಡ ಯಾಕೆಂದು ಕಾರಣ ಕೇಳಬಹುದು. ಮರಳಿದರೆ ಮಗುವಿಗೆ ಗಂಭೀರ ಅಪಾಯವಿದೆ ಅಂತ ತೋರಿಸಿದರೆ ಕಳಿಸದೆಯೂ ಇರಬಹುದು.

ಓದಿದಾಗ ಎಷ್ಟು ಸರಳ, ನಾವೇಕೆ ಇನ್ನೂ ಸೇರಿಲ್ಲ ಅಂತ ನನಗೂ ಅನಿಸಿತ್ತು. ಆದರೆ ಇದನ್ನೆಲ್ಲ ನಾನು ಓದಲು ಶುರು ಮಾಡಿದ್ದೇ ನಮ್ಮ ಮನೆ ಹತ್ತಿರದ ಒಂದು ಮನೆಯಿಂದ.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ಆ ಮನೆಯ ಮಗಳನ್ನು ನಾನು ಅಕ್ಕ ಅಂತಲೇ ಕರೆಯುವುದು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಗಣಿತ ಹೇಳಿಕೊಟ್ಟವಳು, ಅವಳೂ ಬಿಇ ಓದಿದವಳೇ. ಮದುವೆಯಾಗಿ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದಳು. ಈಗ ಆರು ವರ್ಷದ ಮಗನ ಜೊತೆ ಬಂದು ತವರಲ್ಲಿದ್ದಾಳೆ. ಕೆಲವು ತಿಂಗಳ ಹಿಂದೆ ಅಲ್ಲಿಯ ಕೋರ್ಟಿನ ಕಾಗದ ಬಂತು. ಅಕ್ಕನಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ, ಆದರೆ ಆ ದಿನ ಅವಳಿಗೆ ಓದಲಾಗಲಿಲ್ಲ. ಹಿಡಿಗಟ್ಟು ಕಾಗದ ನನ್ನ ಕೈಗೆ ಬಂತು. ಪಡಸಾಲೆಯಲ್ಲಿ ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿ ಅಜ್ಜಿ ಅಂದರು, ‘ಕೂಸು ಯಾರ್ ಮನ್ಯಾಗ ಇರಬೇಕು ಅಂತ ಹೇಳಾಕ ಇಷ್ಟ್ ಕಾಗದ ಬೇಕೇನೋ?’

ನಮ್ಮ ವಿಟಿಯು ಸಿಲಬಸ್‌ನಲ್ಲಿ ಸಂವಿಧಾನದ ಪೇಪರ್ ಇದೆ. ಐದು ರಿಟ್‌ಗಳನ್ನು ಬಾಯಿಪಾಠ ಮಾಡಿ, ಬರೆದು, ಮರುದಿನ ಮರೆಯುತ್ತೇವೆ. ಹೇಬಿಯಸ್ ಕಾರ್ಪಸ್ ಅಂದರೆ ಪೊಲೀಸರು ಹಿಡಿದಿಟ್ಟವರನ್ನು ಬಿಡಿಸುವುದು ಅಂತಷ್ಟೇ ನಾನು ತಿಳಿದಿದ್ದೆ. ಹೆತ್ತ ತಾಯಿಯ ಮಡಿಲಲ್ಲಿರುವ ಮಗುವನ್ನು ಕೋರ್ಟಿನ ಮುಂದೆ ತನ್ನಿ ಅಂತ ತಂದೆ ಕೇಳುವುದೂ ಅದೇ ಅರ್ಜಿಯಲ್ಲಿ. ಬೆಳಗಾವಿ ಜಿಲ್ಲೆಯವರಾದರೆ ಅದು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತದೆ.

ಅವರಿಬ್ಬರ ನಡುವೆ ಯಾರದು ಸರಿ ಎಂಬುದು ನನಗೆ ಗೊತ್ತಿಲ್ಲ, ಅದು ನನ್ನ ಕೆಲಸವೂ ಅಲ್ಲ. ಒಂದನ್ನು ಮಾತ್ರ ಕಣ್ಣಾರೆ ಕಂಡೆ. ವಾರಕ್ಕೆ ಮೂರು ಸಲ ಬೆಳಿಗ್ಗೆ ಏಳೂವರೆಗೆ ಅಪ್ಪನ ವಿಡಿಯೊ ಕಾಲ್, ಅಲ್ಲಿ ಆಗ ರಾತ್ರಿ ಒಂಬತ್ತು. ಜುಲೈನಲ್ಲಿ ನಮ್ಮೂರ ಮಳೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಟವರ್ ಸತ್ತಿತು, ಮೂರು ದಿನ ಫೋನೇ ಇಲ್ಲ. ಆಮೇಲೆ ಅಪ್ಪನ ಕಡೆಯ ವಕೀಲರಿಂದ ಇಮೇಲ್ ಬಂತು, ಮಗುವಿನ ಜೊತೆ ಮಾತಾಡಲು ಬೇಕೆಂದೇ ಬಿಡುತ್ತಿಲ್ಲ ಅಂತ. ಅಷ್ಟು ದೂರ ಕೂತವರಿಗೆ ಜಾಂಬೋಟಿಯ ಮಳೆ ಒಂದು ನೆಪದ ಹಾಗೆ ಕೇಳಿಸಿದರೆ ಅವರನ್ನು ದೂರುವುದಾದರೂ ಹೇಗೆ?

ನಾಲ್ಕನೇ ದಿನ ಶನಿವಾರ, ನಾನು ಊರಲ್ಲಿದ್ದೆ. ಮುಖ್ಯ ರಸ್ತೆಯಲ್ಲಿ ಸ್ವಲ್ಪ ಮೇಲೆ ಹೋದರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಹುಡುಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಕೊಡೆ ಹಿಡಿದು ನಿಂತೆ. ಅವನ ಮುಂದಿನ ಹಲ್ಲು ಬಿದ್ದಿತ್ತು, ತೋರಿಸಲು ಬಾಯಿ ತೆರೆದ. ವಿಡಿಯೊ ನಿಂತುಹೋಯಿತು. ‘ಕಾಣಲಿಲ್ಲೋ ಪುಟ್ಟಾ, ಇನ್ನೊಮ್ಮೆ ತೋರಿಸು’ ಅಂತ ಆ ಕಡೆಯಿಂದ ದನಿ. ಹುಡುಗ ಮತ್ತೆ ಬಾಯಿ ತೆರೆದ. ಹೀಗೆ ನಾಲ್ಕೈದು ಸಲ. ಅಲ್ಲಿಯವರೆಗೆ ನಾನು ಮನಸ್ಸಿನಲ್ಲೇ ಪೂರ್ತಿ ಅಕ್ಕನ ಪಕ್ಷದಲ್ಲಿದ್ದೆ.

2020ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆಯೂ ಹೇಳಿದೆ. ಸುಪರ್ದಿ ಸಿಗದ ತಂದೆ ಅಥವಾ ತಾಯಿಗೂ ಮಗುವಿನ ಜೊತೆ ದಿನಾ ಐದು ಹತ್ತು ನಿಮಿಷ ಮಾತಾಡುವ ಅವಕಾಶ ಇರಬೇಕು, ವಿಡಿಯೊ ಕಾಲ್ ಅದಕ್ಕೆ ಅನುಕೂಲ ಅಂತ. ಟವರ್ ಬಗ್ಗೆ ಏನೂ ಹೇಳಿಲ್ಲ.

ಹಾಗಾದರೆ ಅಕ್ಕ ಮಗನನ್ನು ಕರೆದುಕೊಂಡು ಅಲ್ಲಿಗೇ ಹೋಗಿ ವಾದಿಸಬಾರದೇ ಅಂತ ಕೇಳಬಹುದು. ಎಚ್-4 ವೀಸಾ ನಿಂತಿರುವುದು ಗಂಡನ ಎಚ್-1ಬಿ ಮೇಲೆ. ವಿಚ್ಛೇದನ ಆದರೆ ಅದೂ ಹೋಯಿತು. ಎಚ್-4ನವರಲ್ಲಿ ಎಲ್ಲರಿಗೂ ಕೆಲಸ ಮಾಡುವ ಪರವಾನಗಿ ಇರುವುದಿಲ್ಲ. ಕೆಲಸ ಇಲ್ಲ, ಮನೆ ಇಲ್ಲ, ಡಾಲರ್ ಲೆಕ್ಕದ ವಕೀಲರ ಫೀಸು. ಇನ್ನೊಂದು ಭಯವೂ ಇದೆ. ನಮ್ಮಲ್ಲಿ ತಾಯಿ ತನ್ನ ಮಗುವನ್ನು ಕರೆದುಕೊಂಡು ಹೋದರೆ ಸಾಮಾನ್ಯವಾಗಿ ಅದು ಅಪಹರಣ ಆಗುವುದಿಲ್ಲ. ಅಮೆರಿಕದಲ್ಲಿ 1993ರ ಕಾಯ್ದೆಯ ಪ್ರಕಾರ ಇನ್ನೊಬ್ಬರ ಹಕ್ಕಿಗೆ ಅಡ್ಡಿ ಮಾಡಲೆಂದು ಮಗುವನ್ನು ದೇಶದ ಹೊರಗೆ ಒಯ್ದರೆ ಹೆತ್ತವರೂ ಅಪರಾಧಿಗಳೇ. ಗಂಡನ ಹೊಡೆತ ತಾಳದೆ ಓಡಿಬಂದವಳ ವಿಷಯದಲ್ಲೂ ಹೇಗ್ ಒಪ್ಪಂದದ ಮೊದಲ ಮಾತು ‘ಮರಳಿಸಿ’ ಎಂಬುದೇ. ಒಪ್ಪಂದದ ಅಪವಾದಗಳ ಪಟ್ಟಿಯಲ್ಲಿ ಕೌಟುಂಬಿಕ ಹಿಂಸೆ ಎಂಬ ಮಾತೇ ಇಲ್ಲ, ಎಲ್ಲವನ್ನೂ ಆ ‘ಗಂಭೀರ ಅಪಾಯ’ದೊಳಗೆ ತುರುಕಿ ಸಾಬೀತು ಮಾಡಬೇಕು. ಭಾರತ ಹಿಂಜರಿಯುವುದಕ್ಕೆ ಇದೇ ದೊಡ್ಡ ಕಾರಣ. ಅದು ಹುರುಳಿಲ್ಲದ ಕಾರಣ ಅಂತ ನನಗೆ ಅನಿಸುವುದಿಲ್ಲ.

ಆದರೆ ಒಪ್ಪಂದ ಬೇಡ ಅಂದಮೇಲೆ ನಮ್ಮದೇ ನಿಯಮವಾದರೂ ಬೇಕಲ್ಲ? 2009ರಲ್ಲಿ ಕಾನೂನು ಆಯೋಗ ತನ್ನ 218ನೇ ವರದಿಯಲ್ಲಿ ಒಪ್ಪಂದಕ್ಕೆ ಸೇರಿ ಅಂದಿತು. 2016ರಲ್ಲಿ 263ನೇ ವರದಿ ಬಂತು, ಜೊತೆಗೆ ಒಂದು ಮಸೂದೆ. ಆಮೇಲೆ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ 2018ರಲ್ಲಿ ವರದಿ ಕೊಟ್ಟು, ಇಂಥ ಪ್ರಕರಣಗಳಿಗೆಂದೇ ಒಂದು ಪ್ರಾಧಿಕಾರ ಮಾಡಿ ಎಂದಿತು. ಅದ್ಯಾವುದೂ ಈವರೆಗೆ ಕಾಯ್ದೆಯಾಗಿಲ್ಲ. ಹಾಗಾಗಿ ನ್ಯಾಯಾಧೀಶರ ಕೈಯಲ್ಲಿರುವುದು 1890ರ ಪಾಲಕರ ಕಾಯ್ದೆ, 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ, ಮತ್ತು ಹಳೆಯ ತೀರ್ಪುಗಳು. ಆ ತೀರ್ಪುಗಳೋ ಒಂದೊಂದು ಒಂದೊಂದು ದಿಕ್ಕು.

1986ರ ಜನವರಿಯಲ್ಲಿ ಒಬ್ಬ ತಂದೆ ಅಮೆರಿಕದ ಮಿಷಿಗನ್‌ನಿಂದ ಮಗನನ್ನು ಪುಣೆಗೆ ಕರೆತಂದರು. ಅಮೆರಿಕದ ತಾಯಿ ನೇರ ಸುಪ್ರೀಂ ಕೋರ್ಟಿಗೆ ಬಂದರು, ಅದೇ ನವೆಂಬರ್‌ನಲ್ಲಿ ಮಗ ತಾಯಿಗೆ ಸಿಕ್ಕ. ಹತ್ತು ತಿಂಗಳು. ಇನ್ನೊಂದು ಪ್ರಕರಣದಲ್ಲಿ ತಾಯಿ ತಿಂಗಳ ಕೂಸನ್ನು ಎತ್ತಿಕೊಂಡು ಅಮೆರಿಕದಿಂದ ಬಂದಿದ್ದರು. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1997ರಲ್ಲಿ. ಆಗ ಹುಡುಗ ಹನ್ನೆರಡು ದಾಟಿದ್ದ, ಇಲ್ಲೇ ಬೆಳೆದವನು ಇಲ್ಲೇ ಇರಲಿ ಅಂದಿತು ಕೋರ್ಟು. 2015ರಲ್ಲಿ ಕೊಯಮತ್ತೂರಿನ ಒಂದು ಪ್ರಕರಣದಲ್ಲಿ, ಮೊದಲು ಆದೇಶ ಕೊಟ್ಟ ವಿದೇಶಿ ಕೋರ್ಟಿಗೆ ಹೆಚ್ಚು ಬೆಲೆ ಎಂಬ ಮಾತು ಬಂತು. 2017ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪದೆ, ವಿದೇಶಿ ಆದೇಶ ಗಮನಿಸಬೇಕಾದ ಹಲವು ಅಂಶಗಳಲ್ಲಿ ಒಂದು ಅಷ್ಟೇ, ಮಗುವಿನ ಹಿತವೇ ಮೊದಲು ಎಂದಿತು.

ಮಗುವಿನ ಹಿತ ಮೊದಲು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ದಿನ ಕಳೆದಷ್ಟೂ ಮಗು ಯಾರ ಹತ್ತಿರ ಇದೆಯೋ ಅವರ ವಾದ ತಾನಾಗಿಯೇ ಬಲವಾಗುತ್ತದೆ. ಶಾಲೆ ಇಲ್ಲಿದೆ, ಭಾಷೆ ಇಲ್ಲಿಯದು ಅಂತ. ಹಾಗಾಗಿ ಇಂಥ ಜಗಳದಲ್ಲಿ ವಾಯಿದೆ ತೆಗೆದುಕೊಳ್ಳುವುದೇ ಒಂದು ವಾದ. ನನ್ನ ಮಟ್ಟಿಗೆ, ಕೌಟುಂಬಿಕ ಹಿಂಸೆಯನ್ನು ಹೆಸರು ಹಿಡಿದು ಅಪವಾದ ಮಾಡಿದ, ಇಷ್ಟು ತಿಂಗಳೊಳಗೆ ಮುಗಿಸಲೇಬೇಕು ಎಂದು ಗಡುವು ಹಾಕಿದ ನಮ್ಮದೇ ಕಾಯ್ದೆ ಮೊದಲು ಬರಲಿ. ಹೇಗ್ ಬೇಕೋ ಬೇಡವೋ ಎಂಬ ಚರ್ಚೆ ಆಮೇಲೂ ನಡೆಯಬಹುದು.

ಒಪ್ಪಂದವಿಲ್ಲದ ನಷ್ಟ ಒಂದೇ ಕಡೆಗಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಹುಡುಗನನ್ನು ಕೀನ್ಯಾದಲ್ಲಿರುವ ತಂದೆಗೆ ಒಪ್ಪಿಸಿತು, ಅಲ್ಲಿಯ ಕೋರ್ಟಿನಿಂದಲೂ ಇಂಥದ್ದೇ ಆದೇಶ ತರಬೇಕು ಎಂಬ ಷರತ್ತಿನ ಮೇಲೆ. ಆಮೇಲೆ ತನಗೆ ಮೋಸವಾಗಿದೆ ಎಂದು ಕಂಡುಕೊಂಡು 2021ರಲ್ಲಿ ತನ್ನ ತೀರ್ಪನ್ನು ತಾನೇ ಹಿಂಪಡೆಯಿತು. 2022ರಲ್ಲಿ ನ್ಯಾಯಾಂಗ ನಿಂದನೆಗಾಗಿ ತಂದೆಗೆ ಆರು ತಿಂಗಳ ಜೈಲು, 25 ಲಕ್ಷ ರೂಪಾಯಿ ದಂಡ ವಿಧಿಸಿತು. ಅಷ್ಟರಲ್ಲಿ ಹುಡುಗ ಕೀನ್ಯಾ ತಲುಪಿಯಾಗಿತ್ತು. ದೇಶದ ಅತಿ ದೊಡ್ಡ ಕೋರ್ಟಿನ ಮಾತೂ ಸಮುದ್ರದ ದಡಕ್ಕೆ ನಿಲ್ಲುತ್ತದೆ.

ನಮ್ಮ ಕ್ಲಾಸಿನಲ್ಲಿ ಜಿಆರ್‌ಇ ಪುಸ್ತಕ ಇಟ್ಟುಕೊಂಡವರು ಬಹಳ. ಎಂಎಸ್, ಕೆಲಸ, ಎಚ್-1ಬಿ, ಮದುವೆ, ಮಗು ಎಂಬ ಸಾಲು ಎಲ್ಲರ ತಲೆಯಲ್ಲೂ ಇದೆ. ಹೋಗಬೇಡಿ ಅನ್ನುತ್ತಿಲ್ಲ, ನನಗೂ ಆಸೆ ಇದೆ. ಆದರೆ ಅಲ್ಲಿ ಹುಟ್ಟಿದ ಮಗುವಿನ ಅಮೆರಿಕದ ಪಾಸ್‌ಪೋರ್ಟಿಗೆ, ಹದಿನಾರು ತುಂಬುವವರೆಗೆ, ಅವಧಿ ಐದೇ ವರ್ಷ, ಪ್ರತಿ ಸಲ ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಬೇಕು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ರಜೆಗೆಂದು ಊರಿಗೆ ಬರುವಾಗ ಯಾವಾಗ ವಾಪಸು ಎಂದು ಇಬ್ಬರೂ ಬರೆದುಕೊಳ್ಳುವುದು ಅನುಮಾನದ ಕೆಲಸವಲ್ಲ, ಮುಂದೆ ಕೋರ್ಟು ಮೊದಲು ಕೇಳುವುದೇ ಅದನ್ನು. ತೊಂದರೆಯಲ್ಲಿರುವ ಹೆಣ್ಣುಮಕ್ಕಳಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ವಿಭಾಗವಿದೆ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಉಚಿತ. ಅಕ್ಕನಿಗೆ ಇದು ತಿಳಿದದ್ದು ಊರಿಗೆ ಬಂದು ಐದು ತಿಂಗಳಾದ ಮೇಲೆ.

ಈಗ ಇಬ್ಬರೂ ಮಧ್ಯಸ್ಥಿಕೆಗೆ ಒಪ್ಪಿದ್ದಾರೆ. ಮುಂದಿನ ತಿಂಗಳು ಮೊದಲ ಮಾತುಕತೆ, ಅಪ್ಪ ವಿಡಿಯೊದಲ್ಲಿ ಬರುತ್ತಾರೆ. ಅಕ್ಕ ಹಿಂದಿನ ದಿನವೇ ಬೆಳಗಾವಿಗೆ ಹೋಗಿ ಉಳಿಯಬೇಕೆಂದಿದ್ದಾಳೆ. ಜಾಂಬೋಟಿಯ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ.